ಕೇಳಿ, ಹೇಳ್ತೀನಿ: ಫ್ಲಾಹರ್ಟಿ ಕ್ಯಾಮೆರಾ ಮತ್ತು ಅದರ ಮುಂದೆ ನಿಂತವರು

ಹೋದ ಸಂಚಿಕೆಯಲ್ಲಿ ಸಾಕ್ಷ್ಯಚಿತ್ರ ನಿರ್ದೇಶಕ ರಾಬರ್ಟ್ ಫ್ಲಾಹರ್ಟಿ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅವರು ಮೈಸೂರಿಗೆ ಬಂದಿದ್ದರು ಅಂತಲೂ ಹೇಳಿದ್ದೆ. ಆಮೇಲೆ ಬಂದ ಪತ್ರಗಳಲ್ಲಿ ಅವರ ಬಗ್ಗೆ ಕೇಳಿದ್ದೇ ಜಾಸ್ತಿ. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳನ್ನೆಲ್ಲ ಪಕ್ಕಕ್ಕಿಟ್ಟಿದ್ದೇನೆ.

ಪ್ರಶ್ನೆ: ಮೇಡಂ, ಫ್ಲಾಹರ್ಟಿ ಸಿನಿಮಾ ಎಲ್ಲಿ ಕಲಿತರು? ಅದಕ್ಕೆ ಮುಂಚೆ ಏನು ಮಾಡುತ್ತಿದ್ದರು? (ಪತ್ರಿಕೋದ್ಯಮ ವಿದ್ಯಾರ್ಥಿನಿ, ಧಾರವಾಡ)

ಮೂರು ವಾರದ ಒಂದು ಕೋರ್ಸು. ಅಷ್ಟೇ ಅವರ ಸಿನಿಮಾ ಓದು. 1913ರಲ್ಲಿ ಅಮೆರಿಕದ ರಾಚೆಸ್ಟರ್‌ನಲ್ಲಿ ಅದನ್ನು ಮುಗಿಸಿಕೊಂಡು, ಒಂದು ಬೆಲ್ ಅಂಡ್ ಹೋವೆಲ್ ಕ್ಯಾಮೆರಾ ಹಿಡಿದು ಉತ್ತರದ ಹಿಮಕ್ಕೆ ಹೊರಟುಬಿಟ್ಟರು.

ಹುಟ್ಟಿದ್ದು 1884ರಲ್ಲಿ, ಮಿಷಿಗನ್ ರಾಜ್ಯದ ಐರನ್ ಮೌಂಟನ್ ಎಂಬ ಗಣಿ ಊರಿನಲ್ಲಿ. ಅಪ್ಪ ಅದಿರು ಹುಡುಕುವ ಕೆಲಸದವರು, ಮಗನೂ ಅದೇ ದಾರಿ ಹಿಡಿದರು. ಕೆನಡಾದ ರೈಲು ಉದ್ಯಮಿ ವಿಲಿಯಂ ಮೆಕೆಂಜಿ ಪರವಾಗಿ 1910ರಿಂದ ಹಡ್ಸನ್ ಕೊಲ್ಲಿಯ ಸುತ್ತ ಕಬ್ಬಿಣದ ಅದಿರು ಹುಡುಕುತ್ತ ಅಲೆದರು. ಹೇಗೂ ಹೋಗುತ್ತೀಯಲ್ಲ, ಕ್ಯಾಮೆರಾನೂ ಒಯ್ಯಿ ಅಂದವರು ಮೆಕೆಂಜಿಯೇ. ಆ ತಿರುಗಾಟದಲ್ಲಿ ಫ್ಲಾಹರ್ಟಿ ಉಳಿದದ್ದು ಆ ಹಿಮನಾಡಿನ ಮೂಲನಿವಾಸಿಗಳಾದ ಇನ್ಯುಯಿಟ್ ಜನರ ಜೊತೆ. ಅವರ ನಾಯಿಗಾಡಿ, ಅವರ ಊಟ, ಅವರು ತೋರಿಸಿದ ದಾರಿ. ಸಿನಿಮಾಕ್ಕಿಂತ ಮೊದಲು ಅವರು ಕಲಿತದ್ದು ಇದನ್ನು.

ಮೊದಲ ಸಲ ತೆಗೆದ ಚಿತ್ರ ಸುಟ್ಟುಹೋಯಿತು. 1916ರಲ್ಲಿ ಟೊರಾಂಟೊದಲ್ಲಿ ಕೂತು ಸಂಕಲನ ಮಾಡುತ್ತಿದ್ದಾಗ ಅವರ ಕೈಯಲ್ಲಿದ್ದ ಸಿಗರೇಟು ನೆಗೆಟಿವ್ ಮೇಲೆ ಬಿತ್ತು. ಆಗಿನ ಫಿಲ್ಮು ನೈಟ್ರೇಟಿನದು, ಕಿಡಿ ತಾಕಿದರೆ ಸಾಕು ಭಗ್ಗೆಂದು ಹತ್ತಿಕೊಳ್ಳುತ್ತದೆ. ಸುಮಾರು 30,000 ಅಡಿ ಹೋಯಿತು, ಕೈಯೂ ಸುಟ್ಟಿತು. ಒಂದು ಪ್ರಿಂಟ್ ಮಾತ್ರ ಉಳಿದಿತ್ತು. ಅದನ್ನು ಜನರಿಗೆ ತೋರಿಸುತ್ತ ತೋರಿಸುತ್ತ ಫ್ಲಾಹರ್ಟಿಗೇ ಗೊತ್ತಾಯಿತು, ಇದು ಸಪ್ಪೆ ಅಂತ. ಒಂದು ದೃಶ್ಯ ಇಲ್ಲಿಯದು, ಒಂದು ಅಲ್ಲಿಯದು, ಯಾವುದಕ್ಕೂ ಸಂಬಂಧ ಇಲ್ಲ. ಮತ್ತೆ ಹೋಗುವುದಾದರೆ ಒಬ್ಬನೇ ಮನುಷ್ಯನನ್ನು, ಅವನ ಮನೆಯವರನ್ನು ಹಿಡಿದುಕೊಂಡು ತೆಗೆಯಬೇಕು ಅಂತ ತೀರ್ಮಾನಿಸಿದರು. ಇವತ್ತಿಗೂ ಸಾಕ್ಷ್ಯಚಿತ್ರ ಮಾಡುವ ನಮ್ಮಲ್ಲಿ ಮುಕ್ಕಾಲು ಜನ ಮಾಡುವುದು ಅದನ್ನೇ ಅಲ್ವಾ?

ಪ್ರಶ್ನೆ: 'ನಾನೂಕ್ ಆಫ್ ದಿ ನಾರ್ತ್' ಪೂರ್ತಿ ನಾಟಕ ಅಂತ ಓದಿದೆ. ಹಾಗಿದ್ದರೆ ಅದನ್ನು ಸಾಕ್ಷ್ಯಚಿತ್ರ ಅಂತ ಯಾಕೆ ಹೊಗಳುತ್ತೀರಿ? ಅದು ಸುಳ್ಳಲ್ಲವೇ? (ನಿವೃತ್ತ ಶಿಕ್ಷಕರು, ಶಿವಮೊಗ್ಗ)

ಸರ್, ಈ ಪ್ರಶ್ನೆಗೆ ಸ್ವಲ್ಪ ಉದ್ದಕ್ಕೇ ಉತ್ತರ ಕೊಡುತ್ತೇನೆ.

1920ರಲ್ಲಿ ಈ 'ನಾನೂಕ್' ಚಿತ್ರ ತೆಗೆಯಲು ಫ್ಲಾಹರ್ಟಿ ಮತ್ತೆ ಹೋದರು. ಈ ಸಲ ದುಡ್ಡು ಹಾಕಿದ್ದು ರೆವಿಯೋನ್ ಫ್ರೇರ್ ಎಂಬ ಫ್ರೆಂಚ್ ತುಪ್ಪಳದ ಕಂಪನಿ. ಹೋದ ಜಾಗ ಹಡ್ಸನ್ ಕೊಲ್ಲಿ ದಡದ ಪೋರ್ಟ್ ಹ್ಯಾರಿಸನ್, ಈಗ ಅದರ ಹೆಸರು ಇನುಕ್ಜುವಾಕ್. ನಾಯಕನಾಗಿ ಆರಿಸಿಕೊಂಡಿದ್ದು ಅಲ್ಲಕರಿಯಲ್ಲಕ್ ಎಂಬ ಬೇಟೆಗಾರನನ್ನು. ನಾನೂಕ್ ಅನ್ನುವುದು ಫ್ಲಾಹರ್ಟಿ ಇಟ್ಟ ಹೆಸರು. ಚಿತ್ರದಲ್ಲಿ ಹೆಂಡತಿ ಅಂತ ತೋರಿಸಿದವಳು ಅವನ ಹೆಂಡತಿಯಲ್ಲ. ಇಗ್ಲೂ, ಅಂದರೆ ಹಿಮದ ಮನೆ, ಅದರ ಒಳಗಿನ ದೃಶ್ಯಕ್ಕೆ ಬೆಳಕು ಸಾಲದೆ ಅರ್ಧ ಇಗ್ಲೂ ಕಟ್ಟಿಸಿದರು. ಒಂದು ಕಡೆ ಗೋಡೆಯೇ ಇಲ್ಲ. ಆ ಮನೆಯವರು ಬಟ್ಟೆ ಬಿಚ್ಚಿ ಮಲಗುವುದನ್ನು ನೋಡುತ್ತೀವಲ್ಲ, ಅದು ಆ ಬಯಲು ಚಳಿಯಲ್ಲಿ. ಆ ಹೊತ್ತಿಗೆ ಅಲ್ಲಿನವರ ಕೈಯಲ್ಲಿ ಬಂದೂಕು ಇತ್ತು. ಫ್ಲಾಹರ್ಟಿ ಅದನ್ನು ದೂರ ಇಡಿಸಿ, ಹಳೇ ಕಾಲದ ಹಾಗೆ ಈಟಿಯಲ್ಲಿ ವಾಲ್ರಸ್ (ಕೋರೆಹಲ್ಲಿನ ದೊಡ್ಡ ಸಮುದ್ರ ಪ್ರಾಣಿ) ಬೇಟೆ ಮಾಡಿಸಿದರು. ಹಗ್ಗ ಕಟ್ಟಿದ ವಾಲ್ರಸ್ ಜನರನ್ನೇ ಸಮುದ್ರದ ಕಡೆ ಎಳೆಯುತ್ತಿದ್ದಾಗ, ಬಂದೂಕು ತೆಗೆಯಿರಿ ಅಂತ ಅವರು ಕೂಗಿಕೊಂಡರು. ಕೇಳಿಸದವರ ಹಾಗೆ ಫ್ಲಾಹರ್ಟಿ ಕ್ಯಾಮೆರಾ ತಿರುಗಿಸುತ್ತಲೇ ಇದ್ದರು. ಇದನ್ನು ಅವರೇ ಬರೆದಿದ್ದಾರೆ.

ಹಾಗಾದರೆ ಎಲ್ಲವೂ ಸುಳ್ಳೇ? ನನಗೆ ಹಾಗನ್ನಿಸುವುದಿಲ್ಲ. ಆ ಬೇಟೆಗಾರರು ಸುಮ್ನೆ ಹೇಳಿದ್ದು ಮಾಡಿ ಹೋದವರಲ್ಲ. ಬೇಟೆ ತಪ್ಪಿದರೂ ಪರವಾಗಿಲ್ಲ, ಚಿತ್ರ ಮುಖ್ಯ ಅಂತ ಮೊದಲೇ ಒಪ್ಪಿದ್ದರು. ತೆಗೆದ ಫಿಲ್ಮನ್ನು ಅಲ್ಲೇ ಗುಡಿಸಿಲಲ್ಲಿ ತೊಳೆಯುತ್ತಿದ್ದರು. ಹಿಮಗಡ್ಡೆ ಕೊರೆದು, ನೀರು ಎತ್ತಿ, ಹೊತ್ತು ತಂದವರು ಅವರು. ಆಮೇಲೆ ಅದೇ ಫಿಲ್ಮನ್ನು ಅವರಿಗೇ ಹಾಕಿ ತೋರಿಸಿದಾಗ, ತೆರೆಯ ಮೇಲಿನ ವಾಲ್ರಸ್ಸನ್ನು ಬಿಡಬೇಡ, ಹಿಡಿ ಅಂತ ಕೂಗಿದರಂತೆ. ಅಪ್ಪಂದಿರ ಕಾಲದ ಕಸುಬನ್ನು ಇನ್ನೊಮ್ಮೆ ಮಾಡಿ ತೋರಿಸುವುದರಲ್ಲಿ ಅವರಿಗೂ ಹೆಮ್ಮೆ ಇತ್ತು.

ನನ್ನದೇ ಒಂದು ಅನುಭವ ಹೇಳುತ್ತೇನೆ. ಕೈಮಗ್ಗದ ಮೇಲೆ ಚಿತ್ರ ಮಾಡುವಾಗ ಒಬ್ಬ ಅಜ್ಜಿಯ ಮನೆಗೆ ಹೋಗಿದ್ದೆ. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಲಾಳಿ ಎಸೆಯುತ್ತ ಕೂತಿದ್ದರು. ಕಿಟಕಿ ಬೆಳಕು ಅವರ ಎಡಗೈ ಮೇಲೆ ಬೀಳುತ್ತಿತ್ತು. ನಾನು ಕ್ಯಾಮೆರಾ ಎತ್ತಿದ ತಕ್ಷಣ ಲಾಳಿ ಕೆಳಗಿಟ್ಟರು. "ತಡಿಯವ್ವಾ, ಬ್ಯಾರೆ ಸೀರಿ ಉಟ್ಕೊಂಡು ಬರ್ತೀನಿ" ಅಂತ ಎದ್ದು ಒಳಗೆ ಹೋದರು. ವಾಪಸ್ ಬರುವಾಗ ತಾವೇ ನೇಯ್ದ ಹೊಸ ಸೀರೆ ಉಟ್ಟಿದ್ದರು. ತಲೆ ಬಾಚಿ, ಹಣೆಗೆ ಕುಂಕುಮ ಹಚ್ಚಿದ್ದರು. ದಿನಾ ಅವರು ಹಾಗೆ ಕೂತು ನೇಯುವುದಿಲ್ಲ. ಆದರೂ ನಾನು ಹಾಗೇ ತೆಗೆದೆ, ಚಿತ್ರದಲ್ಲೂ ಹಾಗೇ ಇದೆ. ತನ್ನ ಕೆಲಸದ ಜೊತೆ ತಾನು ಹೇಗೆ ಕಾಣಿಸಬೇಕು ಅಂತ ಅವರಿಗೆ ಒಂದು ಆಸೆ ಇತ್ತು. ಅದೂ ಅವರ ಬದುಕಿನ ಭಾಗವೇ.

ಹಾಗಾಗಿ ನಾನು ಕೇಳಿಕೊಳ್ಳುವ ಪ್ರಶ್ನೆ ಬೇರೆ. ಬದಲಾವಣೆ ಯಾರಿಗೆ ಬೇಕಿತ್ತು? ಅದರಿಂದ ಕ್ಯಾಮೆರಾ ಮುಂದಿನ ಮನುಷ್ಯ ದೊಡ್ಡವನಾದನೋ, ಸಣ್ಣವನಾದನೋ?

ವಾಲ್ರಸ್ ಬೇಟೆಯನ್ನು ನಾನು ಒಪ್ಪುತ್ತೇನೆ. ಅಲ್ಲಿ ಆ ಜನ ದೊಡ್ಡವರಾಗಿ ಕಾಣುತ್ತಾರೆ. ನನ್ನ ಕೈಲಿ ಒಪ್ಪಲಾಗದ್ದು ಗ್ರಾಮಫೋನ್ ದೃಶ್ಯ. ವ್ಯಾಪಾರಿ ಗ್ರಾಮಫೋನ್ ತಟ್ಟೆ ಹಾಕುತ್ತಾನೆ, ನಾನೂಕ್ ಕಣ್ಣರಳಿಸಿ ನೋಡುತ್ತಾನೆ, ತಟ್ಟೆ ಕೈಗೆ ತಗೊಂಡು ಕಚ್ಚಿ ನೋಡುತ್ತಾನೆ. ಗ್ರಾಮಫೋನ್ ಅಂದರೆ ಏನು ಅಂತ ಅಲ್ಲಕರಿಯಲ್ಲಕ್‌ಗೆ ಚೆನ್ನಾಗಿಯೇ ಗೊತ್ತಿತ್ತು. ಹಿಮದ ಮೇಲೆ ಸಣ್ಣ ಗುರುತು ನೋಡಿ ಪ್ರಾಣಿಯ ಜಾಡು ಹಿಡಿಯುವ ಮನುಷ್ಯ ಅವನು. ಊರ ಜನ ನಗಲಿ ಅಂತ ಅವನನ್ನು ಏನೂ ಅರಿಯದವನ ಹಾಗೆ ಕೂರಿಸಿದರು. ಚಿತ್ರವನ್ನು ಪಾಠಕ್ಕೆ ಹಾಕಿದಾಗಲೆಲ್ಲ ಈ ಜಾಗದಲ್ಲಿ ಮಕ್ಕಳು ನಗುತ್ತಾರೆ. ಅಲ್ಲಿ ನಿಲ್ಲಿಸಿ ಈ ವಿಷಯ ಹೇಳಿಯೇ ಮುಂದೆ ಹೋಗುತ್ತೇನೆ.

ಪ್ರಶ್ನೆ: ಆ ನಾನೂಕ್ ಮುಂದೆ ಏನಾದ? (ಗೃಹಿಣಿ, ತುಮಕೂರು)

ಚಿತ್ರ 1922ರ ಜೂನ್‌ನಲ್ಲಿ ಬಿಡುಗಡೆಯಾಗಿ ದೇಶದೇಶಗಳಲ್ಲಿ ಓಡಿತು. ಸುಮಾರು ಎರಡು ವರ್ಷದೊಳಗೆ ಅಲ್ಲಕರಿಯಲ್ಲಕ್ ತೀರಿಕೊಂಡ. ಬೇಟೆಗೆ ಹೋಗಿ ಹಸಿವಿನಿಂದ ಸತ್ತ ಅಂತ ಫ್ಲಾಹರ್ಟಿ ಹೇಳುತ್ತಿದ್ದರು. ಅವನು ಸತ್ತದ್ದು ಮನೆಯಲ್ಲಿ, ಕಾಯಿಲೆಯಿಂದ, ಬಹುಶಃ ಕ್ಷಯದಿಂದ ಎಂದು ಆಮೇಲೆ ಹುಡುಕಿದವರು ಹೇಳುತ್ತಾರೆ.

ಇನ್ನೊಂದು ವಿಷಯ ಇದೆ. ಚಿತ್ರದಲ್ಲಿ ಹೆಂಡತಿಯ ಪಾತ್ರ ಮಾಡಿದ ಹೆಣ್ಣುಮಗಳಿಗೆ ಫ್ಲಾಹರ್ಟಿಯಿಂದ ಒಬ್ಬ ಮಗ ಹುಟ್ಟಿದ. ಹೆಸರು ಜೋಸೆಫಿ. ಅಷ್ಟು ಹೊತ್ತಿಗೆ ಫ್ಲಾಹರ್ಟಿ ಅಲ್ಲಿಂದ ಹೊರಟಾಗಿತ್ತು. ಆ ಮಗನನ್ನು ಅವರು ಯಾವತ್ತೂ ತನ್ನವನು ಅಂತ ಒಪ್ಪಿಕೊಳ್ಳಲಿಲ್ಲ. 1950ರ ದಶಕದಲ್ಲಿ ಕೆನಡಾ ಸರ್ಕಾರ ಇನುಕ್ಜುವಾಕ್‌ನ ಕೆಲವು ಕುಟುಂಬಗಳನ್ನು ಸುಮಾರು 2,000 ಕಿ.ಮೀ. ಉತ್ತರಕ್ಕೆ, ತಿಂಗಳುಗಟ್ಟಲೆ ಸೂರ್ಯನೇ ಕಾಣದ ಜಾಗಕ್ಕೆ ಸಾಗಿಸಿತು. ಬೇಟೆ ಚೆನ್ನಾಗಿ ಸಿಗುತ್ತದೆ ಅಂತ ಮಾತು ಕೊಟ್ಟಿದ್ದರು. ಹೋದವರು ತುಂಬಾ ಪಾಡು ಪಟ್ಟರು. 1955ರಲ್ಲಿ ಹೋದವರಲ್ಲಿ ಜೋಸೆಫಿ ಮತ್ತು ಅವನ ಹೆಂಡತಿ ಮಕ್ಕಳೂ ಇದ್ದರು. ಸರ್ಕಾರ ಕ್ಷಮೆ ಕೇಳಿದ್ದು 2010ರಲ್ಲಿ.

ಇದನ್ನು ಓದಿದ ಮೇಲೆ ಆ ಚಿತ್ರವನ್ನು ನಾನು ಮೊದಲಿನ ಹಾಗೆ ನೋಡಲು ಆಗಿಲ್ಲ. ಅದರಲ್ಲಿ ಆ ಹೆಣ್ಣುಮಗಳು ನಕ್ಕಾಗಲೆಲ್ಲ ಕ್ಯಾಮೆರಾ ಹಿಂದೆ ಯಾರಿದ್ದರು ಅನ್ನುವುದು ನೆನಪಾಗುತ್ತದೆ.

ಪ್ರಶ್ನೆ: ಫ್ಲಾಹರ್ಟಿ ಮೈಸೂರಿಗೆ ಯಾಕೆ ಬಂದರು? ನಮ್ಮ ತಾತ ಖೆಡ್ಡಾ (ಕಾಡಾನೆ ಹಿಡಿಯುವುದು) ನೋಡಿದವರು, ಆದರೆ ಈ ಹೆಸರು ಅವರ ಬಾಯಲ್ಲಿ ಕೇಳಿಲ್ಲ. (ಓದುಗರು, ಎಚ್.ಡಿ. ಕೋಟೆ)

'ಎಲಿಫೆಂಟ್ ಬಾಯ್' ಚಿತ್ರಕ್ಕೆ. ಕಿಪ್ಲಿಂಗ್ ಬರೆದ ಒಂದು ಆನೆ ಹುಡುಗನ ಕಥೆಯನ್ನು ಹಿಡಿದು ಲಂಡನ್ನಿನ ನಿರ್ಮಾಪಕ ಅಲೆಕ್ಸಾಂಡರ್ ಕೊರ್ಡಾ 1935ರಲ್ಲಿ ಅವರನ್ನು ಕಳಿಸಿದರು. ಆಗ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ. ಅರಮನೆಯ ಆನೆಗಳು ಸಿಕ್ಕವು, ಕಾಡು ಸಿಕ್ಕಿತು. ಮುಖ್ಯ ಪಾತ್ರದ ಆನೆ ಐರಾವತ, ಅದೂ ಅರಮನೆಯದೇ.

ಹುಡುಗ ಬೇಕಿತ್ತು. ಕಾರಾಪುರದಲ್ಲಿ ಹುಟ್ಟಿದ, ಮಾವುತನ ಮಗ ಸಾಬು ಫ್ಲಾಹರ್ಟಿ ತಂಡದ ಕಣ್ಣಿಗೆ ಬಿದ್ದ. ಅಪ್ಪ ಇಲ್ಲದ ಹುಡುಗ, ಆನೆಲಾಯದಲ್ಲಿ ಬೆಳೆದವನು. ಆ ಚಿತ್ರದಲ್ಲಿ ಅವನು ಆನೆಯ ಜೊತೆ ಇರುವ ರೀತಿ ನೋಡಿ. ಯಾವ ನಟನಿಗೂ ಆ ಸಲಿಗೆ ಕಲಿಸಲು ಆಗುವುದಿಲ್ಲ.

ಫ್ಲಾಹರ್ಟಿ ಕೆಲಸ ನಿಧಾನ. ಮೊದಲು ಊರು ನೋಡಬೇಕು, ಜನ ನೋಡಬೇಕು, ಆಮೇಲೆ ಕಥೆ. ಲಂಡನ್ನಿನವರಿಗೆ ತಾಳ್ಮೆ ತಪ್ಪಿತು. ಕೊನೆಗೆ ಕೊರ್ಡಾ ತನ್ನ ತಮ್ಮ ಜೋಲ್ಟಾನ್ ಕೈಯಲ್ಲಿ ಕಥೆಯ ಭಾಗಗಳನ್ನು ಲಂಡನ್ ಹತ್ತಿರದ ಡೆನ್‌ಹ್ಯಾಮ್ ಸ್ಟುಡಿಯೋದಲ್ಲಿ ತೆಗೆಸಿ ಜೋಡಿಸಿದರು. ಹಾಗಾಗಿ ಚಿತ್ರಕ್ಕೆ ಎರಡು ಮುಖ. ಒಂದರಲ್ಲಿ ಬಿಳಿಯರು ಬಣ್ಣ ಬಳಿದುಕೊಂಡು ಭಾರತೀಯರಾಗಿ ಮಾತಾಡುತ್ತಾರೆ. ಇನ್ನೊಂದರಲ್ಲಿ ನಮ್ಮ ಕಾಡು, ನಮ್ಮ ಹೊಳೆ, ನಮ್ಮ ಆನೆ. 1937ರಲ್ಲಿ ವೆನಿಸ್ ಉತ್ಸವದಲ್ಲಿ ನಿರ್ದೇಶನದ ಪ್ರಶಸ್ತಿ ಫ್ಲಾಹರ್ಟಿ, ಜೋಲ್ಟಾನ್ ಇಬ್ಬರಿಗೂ ಬಂತು. ಆಮೇಲೆ ಕಬಿನಿ ಅಣೆಕಟ್ಟು ಬಂದು ಆ ಕಡೆಯ ಕಾಡು ಸಾಕಷ್ಟು ಮುಳುಗಿತು. ಅದಕ್ಕೇ ಈ ಚಿತ್ರದ ಮೈಸೂರು ಭಾಗಗಳು ನಮ್ಮವರ ಕೈಯಲ್ಲಿ ಇರಲೇಬೇಕು ಅನ್ನುವುದು ನನ್ನ ಹಟ.

ಸಾಬು ಇಂಗ್ಲೆಂಡಿಗೆ, ಅಲ್ಲಿಂದ ಹಾಲಿವುಡ್ಡಿಗೆ ಹೋದ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಬಾಂಬರ್ ವಿಮಾನದ ಬಾಲದಲ್ಲಿ ಗನ್ ಹಿಡಿದು ಕೂತ. 1963ರಲ್ಲಿ ಹೃದಯಾಘಾತವಾಗಿ ತೀರಿಕೊಂಡಾಗ ಅವನಿಗೆ 39 ವರ್ಷ.

ಪ್ರಶ್ನೆ: ಇಂಥ ಚಿತ್ರಗಳಿಂದ ಹೊಟ್ಟೆ ತುಂಬುತ್ತದಾ? ಮಗ ಇದನ್ನೇ ಮಾಡ್ತೀನಿ ಅಂತ ಕೂತಿದ್ದಾನೆ. (ತಂದೆಯೊಬ್ಬರು, ಹಾಸನ)

ನಿಮ್ಮ ಆತಂಕ ಅರ್ಥವಾಗುತ್ತದೆ. ಫ್ಲಾಹರ್ಟಿಯಂಥವರೂ ಮೂವತ್ತು ವರ್ಷದಲ್ಲಿ ಮುಗಿಸಿದ ದೊಡ್ಡ ಚಿತ್ರಗಳು ಬೆರಳೆಣಿಕೆಯಷ್ಟು. ಪ್ರತಿ ಸಲವೂ ಹೊಸದಾಗಿ ದುಡ್ಡು ಹುಡುಕಬೇಕಾಯಿತು. ತುಪ್ಪಳದ ಕಂಪನಿ ಆದ ಮೇಲೆ ಸಮೋವಾ ದ್ವೀಪದ ಚಿತ್ರಕ್ಕೆ ಪ್ಯಾರಮೌಂಟ್, ಐರ್ಲೆಂಡಿನ ಅರಾನ್ ದ್ವೀಪದ ಚಿತ್ರಕ್ಕೆ ಬ್ರಿಟಿಷ್ ಸ್ಟುಡಿಯೋ, ಮಣ್ಣಿನ ಸವಕಳಿಯ ಚಿತ್ರಕ್ಕೆ ಅಮೆರಿಕದ ಕೃಷಿ ಇಲಾಖೆ. ಕೊನೆಯ ದೊಡ್ಡ ಚಿತ್ರ 1948ರ 'ಲೂಸಿಯಾನಾ ಸ್ಟೋರಿ'ಗೆ ಒಂದು ತೈಲ ಕಂಪನಿ. ಹಕ್ಕೆಲ್ಲ ಫ್ಲಾಹರ್ಟಿಗೇ, ತೆರೆಯ ಮೇಲೆ ನಮ್ಮ ಹೆಸರೂ ಬೇಡ ಅಂದರು ಕಂಪನಿಯವರು. ಆದರೂ ಆ ಚಿತ್ರದಲ್ಲಿ ತೈಲ ಬಾವಿ ಬರುತ್ತದೆ, ಹೋಗುತ್ತದೆ, ಜೌಗು ನೆಲಕ್ಕೆ ಒಂದು ಗೀರೂ ಬೀಳುವುದಿಲ್ಲ. ದುಡ್ಡು ಕೊಟ್ಟವರು ಬಾಯಿ ಬಿಟ್ಟು ಕೇಳದಿದ್ದರೂ ಚಿತ್ರ ಅವರ ಕಡೆ ವಾಲುತ್ತದೆ. ಮಗನಿಗೆ ಇದನ್ನು ಮೊದಲು ಹೇಳಿ.

ನನ್ನ ಸಂಸಾರ ನಡೆಯುವುದು ಬೇರೆಯವರ ಚಿತ್ರಗಳ ಸಂಕಲನದಿಂದ ಮತ್ತು ಪಾಠದಿಂದ. ಮಗನಿಗೂ ಸಂಕಲನವೋ ಧ್ವನಿಗ್ರಹಣವೋ ಒಂದು ಕಸುಬು ಕೈಯಲ್ಲಿರಲಿ. ಬೇಡ ಅನ್ನಬೇಡಿ.

ಪ್ರಶ್ನೆ: ಅವರ ಹೆಂಡತಿಗೂ ಸಿನಿಮಾಕ್ಕೂ ಸಂಬಂಧ ಇತ್ತಾ? (ಓದುಗರು, ಮಂಡ್ಯ)

ಇತ್ತು, ತುಂಬಾ ಇತ್ತು. ಫ್ರಾನ್ಸೆಸ್ ಸಮೋವಾದಿಂದ ಹಿಡಿದು ಮುಂದಿನ ಚಿತ್ರಗಳಲ್ಲೆಲ್ಲ ಜೊತೆಗಿದ್ದರು. ಸ್ಥಿರಚಿತ್ರ ತೆಗೆದರು, ಬರೆದರು. ಅವರು ಮೈಸೂರಿನಿಂದ ಬರೆದ ಪತ್ರಗಳು 1937ರಲ್ಲಿ 'ಎಲಿಫೆಂಟ್ ಡ್ಯಾನ್ಸ್' ಅಂತ ಪುಸ್ತಕವಾದವು. 1951ರಲ್ಲಿ ಗಂಡ ತೀರಿಕೊಂಡ ಮೇಲೆ, 1955ರಲ್ಲಿ ಅವರು ಶುರು ಮಾಡಿದ ಫ್ಲಾಹರ್ಟಿ ಸೆಮಿನಾರ್‌ನಲ್ಲಿ ಸಾಕ್ಷ್ಯಚಿತ್ರದವರು ಈಗಲೂ ಸೇರುತ್ತಾರೆ. ಅವರ ಪುಸ್ತಕ ಯಾರಾದರೂ ಕನ್ನಡಕ್ಕೆ ತಂದರೆ ಮೊದಲು ಓದುವವಳು ನಾನೇ.

ಪ್ರಶ್ನೆ: ಮೊಬೈಲ್‌ನಲ್ಲೇ ನಮ್ಮೂರಿನ ಮೇಲೆ ಒಂದು ಚಿತ್ರ ತೆಗೆಯಬೇಕು ಅಂತಿದ್ದೇನೆ. ಫ್ಲಾಹರ್ಟಿಯಿಂದ ಯಾವುದನ್ನು ತಗೊಳ್ಳಲಿ, ಯಾವುದನ್ನು ಬಿಡಲಿ? (ಪದವಿ ವಿದ್ಯಾರ್ಥಿ, ಕೊಪ್ಪಳ)

ಇಡೀ ಊರು ಬೇಡ, ಒಂದು ಮನೆ ಹಿಡಿಯಿರಿ. ಮಾತು ಕಡಿಮೆ ಮಾಡಿ, ಕೈಗಳು ಕೆಲಸ ಮಾಡುವುದನ್ನು ಪೂರ್ತಿ ತೋರಿಸಿ. ಒಂದು ಕೆಲಸ ಶುರುವಾಗಿ ಮುಗಿಯುವ ತನಕ ಕ್ಯಾಮೆರಾ ನಿಲ್ಲಿಸಬೇಡಿ. ನಾನೂಕ್ ಇಗ್ಲೂ ಕಟ್ಟಿ, ಮಂಜಿನ ಗಡ್ಡೆಯಲ್ಲೇ ಕಿಟಕಿ ಕೂರಿಸುವ ಭಾಗವನ್ನು ಮತ್ತೆ ಮತ್ತೆ ನೋಡಿ. ಮುಂದೇನು ಮಾಡುತ್ತಾನೆ ಅಂತ ಕಾಯುವ ಹಾಗೆ ಮಾಡಿದ್ದಾರೆ. ಅದು ಕಲಿಯಬೇಕಾದದ್ದು.

ಅಪಾಯಕ್ಕೆ ಯಾರನ್ನೂ ನೂಕಬೇಡಿ. ಅರಾನ್ ದ್ವೀಪದಲ್ಲಿ ಫ್ಲಾಹರ್ಟಿ ಬಿರುಗಾಳಿ ಸಮುದ್ರಕ್ಕೆ ದೋಣಿ ಇಳಿಸಿದರು. ಆ ಜನರಿಂದ ಅಂಥದ್ದನ್ನು ಮಾಡಿಸಿದ್ದಕ್ಕೆ ನನಗೆ ಗುಂಡು ಹೊಡೆಯಬೇಕಿತ್ತು ಅಂತ ಆಮೇಲೆ ಅವರೇ ಹೇಳಿಕೊಂಡರು. ಯಾವ ಶಾಟ್‌ಗೂ ಅಷ್ಟು ಬೆಲೆ ಇಲ್ಲ.

ತೆಗೆದದ್ದನ್ನು ಆಗಾಗ ಆ ಮನೆಯವರಿಗೇ ತೋರಿಸಿ. ಇದು ಬೇಡ ಅಂದರೆ ಯಾಕೆ ಅಂತ ಕೇಳಿ. ಬೇಡವೇ ಬೇಡ ಅಂದರೆ ತೆಗೆದುಹಾಕಿ. ಚಿತ್ರ ಮುಗಿದ ಮೇಲೆ ಮೊದಲ ಪ್ರದರ್ಶನ ಅವರ ಅಂಗಳದಲ್ಲೇ ಆಗಲಿ. ಉತ್ಸವದ ಅರ್ಜಿಗೆ ಕೊನೇ ದಿನ ಹತ್ತಿರ ಬಂದಿದ್ದರೂ ಸರಿ, ಆಮೇಲೆ ಕಳಿಸಿ. ಮುಂದಿನ ವರ್ಷವೂ ಉತ್ಸವ ಇರುತ್ತದೆ.