ಮೂರೂ ಮೌಂಟಿಂಗ್ ಒಟ್ಟಿಗೆ ಗಟ್ಟಿ ಮಾಡಬೇಡಿ, ಮೊದಲು ಕೆಳಗಿನ ಮೌಂಟಿಂಗ್ ನೋಡಿ

ಸರ್, ನಿಮ್ಮ ಕಾರು ನಾಲ್ಕು ಸಿಲಿಂಡರ್ ಪೆಟ್ರೋಲ್, ಫ್ರಂಟ್ ವೀಲ್ ಡ್ರೈವ್, ಎಂಟು ವರ್ಷ ಹಳೆಯದು. ಫಸ್ಟ್ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿ ಬಿಟ್ಟರೆ ಠಕ್ ಅನ್ನುತ್ತದೆ, ಗೇರ್ ರಾಡ್ ಕುಣಿಯುತ್ತದೆ. ಅದಕ್ಕೆ ಮೂರೂ ಮೌಂಟಿಂಗ್ (ಇಂಜಿನ್, ಗೇರ್ ಬಾಕ್ಸನ್ನು ಕಾರಿನ ಬಾಡಿಯ ಜೊತೆ ಹಿಡಿದಿಡುವ ರಬ್ಬರ್ ಆಸರೆ, ಮೇಲೆ ಎರಡು, ಕೆಳಗೆ ಒಂದು) ತೆಗೆದು ಗಟ್ಟಿ ಪಾಲಿಯುರೆಥೇನ್, ಅಂದರೆ ನಾವೆಲ್ಲ ಪಿಯು ಅನ್ನೋದು, ಹಾಕಿಸಲೇ ಅಂತ ಕೇಳಿದ್ದೀರಿ. ದಿನಾ ಮನೆಯವರೂ ಓಡಾಡುವ ಗಾಡಿ ಅಂತಲೂ ಬರೆದಿದ್ದೀರಿ. ಆ ಕೊನೆಯ ಮಾತಿಗಾಗಿಯೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಾನು ಹಿಂದಿನ ಕಾರಿಗೆ ಮೂರೂ ಒಂದೇ ದಿನ ಹಾಕಿಸಿದ್ದೆ. ಗೇರ್ ಬೀಳುವುದು ಬೆಣ್ಣೆಯ ಹಾಗೆ ಆಯಿತು, ಸುಳ್ಳು ಹೇಳಲ್ಲ. ಆದರೆ ಸಿಗ್ನಲ್ಲಿನಲ್ಲಿ ಎಸಿ ಹಾಕಿಕೊಂಡು ನಿಂತರೆ ಒಳಗಿನ ಕನ್ನಡಿಯಲ್ಲಿ ಹಿಂದಿನ ಗಾಡಿಯ ಹೆಡ್‌ಲೈಟು ಎರಡಲ್ಲ, ನಾಲ್ಕು ಕಾಣುತ್ತಿತ್ತು. ಡ್ಯಾಶ್‌ಬೋರ್ಡಿನ ಯಾವುದೋ ಕ್ಲಿಪ್ಪು ಜೀರುಂಡೆಯ ಹಾಗೆ ಕಿರುಗುಟ್ಟುತ್ತಿತ್ತು. ಅದು ಎಲ್ಲಿದೆ ಅಂತ ಕೊನೆಗೂ ಸಿಗಲಿಲ್ಲ. ಎರಡು ತಿಂಗಳಿಗೆ ಎರಡು ಮೌಂಟಿಂಗ್ ವಾಪಸ್ ಬಿಚ್ಚಿಸಿದೆ.

ಯಾಕೆ ಹೀಗಾಗುತ್ತದೆ ನೋಡಿ. ನಾಲ್ಕು ಸಿಲಿಂಡರ್ ಇಂಜಿನ್ ಒಂದು ಸುತ್ತಿಗೆ ಎರಡು ಸಲ ಫೈರ್ ಆಗುತ್ತದೆ. 800 ಆರ್‌ಪಿಎಂ ಐಡ್ಲಿಂಗ್ ಅಂದರೆ ಸೆಕೆಂಡಿಗೆ ಸುಮಾರು 27 ಏಟು. ಮೆತ್ತಗಿನ ರಬ್ಬರ್ ಆ ಏಟನ್ನು ತಾನೇ ನುಂಗಿಕೊಳ್ಳುತ್ತದೆ. ಗಟ್ಟಿ ಮಾಡಿದಷ್ಟೂ ಅದು ಕಾರಿನ ಬಾಡಿಯೊಳಗೆ, ಅಲ್ಲಿಂದ ನಿಮ್ಮ ಸೀಟಿಗೆ ಬರುತ್ತದೆ. ಓಡುವಾಗ ಅಷ್ಟು ಗೊತ್ತಾಗಲ್ಲ, ನಿಂತಾಗಲೇ ಕಾಟ. ಮೂರು ಸಿಲಿಂಡರ್ ಇಂಜಿನ್ನಿಗಂತೂ ಇದನ್ನು ಯೋಚಿಸಲೇ ಬೇಡಿ. ಕೆಲವು ಕಾರುಗಳಲ್ಲಿ ಕಂಪನಿಯಿಂದಲೇ ಒಳಗೆ ದ್ರವ ತುಂಬಿದ ಮೌಂಟಿಂಗ್ ಬರುತ್ತದೆ. ಅದು ಸಣ್ಣ ನಡುಕಕ್ಕೆ ಮೆತ್ತಗೆ, ದೊಡ್ಡ ಅಲುಗಾಟಕ್ಕೆ ಬಿಗಿ. ಪಿಯುಗೆ ಆ ಬುದ್ಧಿ ಇಲ್ಲ, ಎರಡಕ್ಕೂ ಒಂದೇ ಗಟ್ಟಿ.

ಈಗ ನಿಮ್ಮ ಠಕ್ ವಿಷಯ. ನನ್ನ ಪ್ರಕಾರ ನಿಮ್ಮ ಮೌಂಟಿಂಗ್ ಮೆತ್ತಗಿರುವುದಲ್ಲ, ಸತ್ತಿರುವುದು. ಅದರಲ್ಲೂ ಕೆಳಗಿನ ಟಾರ್ಕ್ ರಾಡು, ಡಾಗ್ ಬೋನ್ ಅಂತಾರಲ್ಲ, ಅದರ ಬುಶ್, ಅಂದರೆ ತುದಿಯ ರಬ್ಬರ್ ತುಂಬಿದ ಬಳೆ. ಫ್ರಂಟ್ ವೀಲ್ ಡ್ರೈವ್ ಕಾರಿನಲ್ಲಿ ಎರಡು ಚಕ್ರಕ್ಕೆ ಶಕ್ತಿ ಹಂಚುವ ಡಿಫರೆನ್ಷಿಯಲ್ಲೂ ಗೇರ್ ಬಾಕ್ಸಿನ ಒಳಗೇ ಇರುತ್ತದೆ. ಹಾಗಾಗಿ ಚಕ್ರಕ್ಕೆ ಹೋಗುವ ಪೂರ್ತಿ ಟಾರ್ಕಿನ, ಅಂದರೆ ತಿರುಗಿಸುವ ಬಲದ, ಎದುರೇಟು ಮೌಂಟಿಂಗ್ ಮೇಲೇ. ಇಂಜಿನ್ 110 ನ್ಯೂಟನ್ ಮೀಟರ್ ಕೊಟ್ಟರೆ, ಫಸ್ಟ್ ಗೇರ್ ಅದನ್ನು 3.5 ಪಟ್ಟು, ಡಿಫರೆನ್ಷಿಯಲ್ಲಿನ ಫೈನಲ್ ಡ್ರೈವ್ ಗೇರ್ ಮತ್ತೆ 4 ಪಟ್ಟು ಮಾಡುತ್ತದೆ ಅಂತ ಹಿಡಿಯಿರಿ. ಗುಣಿಸಿದರೆ 1540 ನ್ಯೂಟನ್ ಮೀಟರ್. ಮೇಲಿನ ಮೌಂಟಿಂಗಿಗೂ ಕೆಳಗಿನ ರಾಡಿಗೂ ಅರ್ಧ ಮೀಟರ್ ಅಂತರ ಇದ್ದರೆ, ಆ ಒಂದು ಚಿಕ್ಕ ಬುಶ್ ಮೇಲೆ 3080 ನ್ಯೂಟನ್, ಅಂದರೆ ಹೆಚ್ಚುಕಡಿಮೆ 300 ಕೆಜಿ ಎಳೆತ. ನೀವು ಕಾಲು ಎತ್ತಿದ ಕೂಡಲೇ ಅದೇ ಎಳೆತ ಉಲ್ಟಾ. ಎಂಟು ವರ್ಷ ಬದುಕಿದ್ದೇ ಜಾಸ್ತಿ ಅಲ್ವಾ?

ಖಾತ್ರಿ ಮಾಡಿಕೊಳ್ಳೋದು ಸುಲಭ. ಬಾನೆಟ್ ತೆಗೆಯಿರಿ. ಗಾಡಿ ಓಡಿಸಲು ಚೆನ್ನಾಗಿ ಬರುವ ಒಬ್ಬರನ್ನು ಸೀಟಿನಲ್ಲಿ ಕೂರಿಸಿ. ಹ್ಯಾಂಡ್ ಬ್ರೇಕ್ ಎಳೆದು, ಕಾಲಿನ ಬ್ರೇಕನ್ನೂ ಗಟ್ಟಿಯಾಗಿ ಒತ್ತಿರಲಿ. ಫಸ್ಟ್ ಗೇರ್ ಹಾಕಿ ಕ್ಲಚ್ಚು ಹಿಡಿಯುವ ತನಕ ಮಾತ್ರ ನಿಧಾನ ಬಿಡಲಿ, ಆಮೇಲೆ ರಿವರ್ಸಿನಲ್ಲೂ ಹಾಗೇ. ನೀವು ಪಕ್ಕದಿಂದ ನೋಡಿ. ಗಾಡಿಯ ಮುಂದೆಯಂತೂ ನಿಲ್ಲಲೇಬೇಡಿ. ಇಂಜಿನ್ ಸ್ವಲ್ಪ ವಾಲುವುದು ಸಹಜ. ಎದ್ದು ಕುಳಿತ ಹಾಗೆ ಮಾಡಿದರೆ ಯಾವುದೋ ಮೌಂಟಿಂಗ್ ಹೋಗಿದೆ. ಕೆಳಗಿನ ಬುಶ್ಶಿನ ರಬ್ಬರಿಗೆ ಟಾರ್ಚ್ ಹಿಡಿದು, ಚಿಕ್ಕ ಪ್ರೈ ಬಾರಿನಿಂದ ಮೀಟಿ ನೋಡಿ. ಬಿರುಕು ಬಾಯಿ ಬಿಡುತ್ತದೆ. ದ್ರವ ತುಂಬಿದ ಮೌಂಟಿಂಗ್ ಆದರೆ ಕೆಳಗೆ ಕಪ್ಪಗೆ ಸೋರಿದ ಕಲೆ ಇರುತ್ತದೆ. ಮೇಲಿನಿಂದ ಆಯಿಲ್ ಲೀಕ್ ಇದ್ದರೆ ಅದನ್ನು ಮೊದಲು ನಿಲ್ಲಿಸಿ. ಆಯಿಲ್ ಕುಡಿದ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ, ಹೊಸದು ಹಾಕಿದರೂ ಅದೇ ಗತಿ.

ಹಾಗಾಗಿ ನನ್ನ ಸಲಹೆ: ಮೇಲಿನ ಎರಡು ಹೋಗಿದ್ದರೆ ಕಂಪನಿಯದೇ ಹೊಸದು ಹಾಕಿಸಿ. ಕೆಳಗಿನದು ಮಾತ್ರ ಗಟ್ಟಿ ಮಾಡಿ, ಅದೂ ಶೋರ್ ಎ (ರಬ್ಬರಿನ ಗಟ್ಟಿತನದ ಅಳತೆ, ಅಂಕಿ ಹೆಚ್ಚಾದಷ್ಟೂ ಗಟ್ಟಿ) 70ರ ಆಸುಪಾಸಿನ ಪಿಯು. 80, 90 ಎಲ್ಲ ಟ್ರ್ಯಾಕಿಗೆ. ರಬ್ಬರೇ ಇಲ್ಲದ ಅಲ್ಯೂಮಿನಿಯಂ ಸಾಲಿಡ್ ಮೌಂಟಿಂಗ್ ಬಗ್ಗೆ ಯಾರಾದರೂ ಆಸೆ ಹುಟ್ಟಿಸಿದರೆ ಅವರ ಗಾಡಿಯಲ್ಲಿ ಒಂದು ಗಂಟೆ ಕೂತು ಬನ್ನಿ, ಸಾಕು. ಬುಶ್ಶಿನ ಖಾಲಿ ಜಾಗಕ್ಕೆ ತುರುಕುವ ಪಿಯು ಇನ್ಸರ್ಟ್ ಕೂಡ ಸಿಗುತ್ತದೆ. ರಬ್ಬರ್ ಇನ್ನೂ ಚೆನ್ನಾಗಿದ್ದರೆ ಅದೇ ಜಾಣತನ, ಇಷ್ಟ ಆಗದಿದ್ದರೆ ಕಿತ್ತು ಹಾಕಬಹುದು. ಆದರೆ ಹರಿದ ರಬ್ಬರಿಗೆ ಇನ್ಸರ್ಟ್ ತುರುಕಿದರೆ ಸುಮ್ನೆ ದುಡ್ಡು ದಂಡ.

ಮಾಡಲೇಬಾರದ್ದು ಒಂದಿದೆ. ಇಂಜಿನ್ ಕಡೆಯದು ಮೆತ್ತಗೆ ಬಿಟ್ಟು ಗೇರ್ ಬಾಕ್ಸ್ ಮೇಲಿನದನ್ನು ಸಾಲಿಡ್ ಮಾಡುವುದು. ಅಲುಗಾಟದ ಭಾರವೆಲ್ಲ ಆ ಒಂದೇ ಕಡೆ ಬಂದು ಗೇರ್ ಬಾಕ್ಸಿನ ಕೇಸೇ ಸೀಳಬಹುದು.

ಕೆಲಸ ಮಾಡುವಾಗ ಆಯಿಲ್ ಸಂಪ್, ಅಂದರೆ ಇಂಜಿನ್ ಅಡಿಯ ಆಯಿಲ್ ತಟ್ಟೆಗೆ ನೇರ ಜಾಕ್ ಕೊಡಬೇಡಿ, ಮಧ್ಯೆ ಅಗಲವಾದ ಮರದ ತುಂಡು ಇರಲಿ. ಗಾಡಿಯ ಕೆಳಗೆ ಹೋಗುವ ಮುಂಚೆ ಗಾಡಿಗೆ ಜಾಕ್ ಸ್ಟ್ಯಾಂಡ್ ಕೊಡಿ. ಎಲ್ಲ ಬೋಲ್ಟನ್ನೂ ಮೊದಲು ಕೈಯಲ್ಲಿ ಹಿಡಿಸಿ, ಜಾಕ್ ಇಳಿಸಿ, ಇಂಜಿನ್ ತನ್ನ ಜಾಗದಲ್ಲಿ ತಾನಾಗಿ ಕೂತ ಮೇಲೆ ಟಾರ್ಕ್ ರೆಂಚಿನಲ್ಲಿ ಬಿಗಿಯಿರಿ. ಅಳತೆ ನಿಮ್ಮ ಕಾರಿನ ಮ್ಯಾನ್ಯುಯಲ್ಲಿನದೇ ಆಗಬೇಕು. ನೇತಾಡುವಾಗಲೇ ಬಿಗಿದರೆ ರಬ್ಬರ್ ತಿರುಚಿಕೊಂಡೇ ಉಳಿಯುತ್ತದೆ, ಒಳ್ಳೆ ಮೌಂಟಿಂಗೂ ನಡುಗುತ್ತದೆ. ಎಷ್ಟೋ ಜನ 'ಹೊಸದು ಹಾಕಿದರೂ ವೈಬ್ರೇಶನ್' ಅನ್ನೋದು ಇದಕ್ಕೇ. ಸೈಲೆನ್ಸರಿನ ಫ್ಲೆಕ್ಸಿ ಪೈಪನ್ನೂ ಒಮ್ಮೆ ನೋಡಿ, ಹಳೆ ಅಲುಗಾಟಕ್ಕೆ ಹರಿದಿರಬಹುದು. ಪಿಯು ಬುಶ್ಶಿಗೆ ಕಿಟ್ ಜೊತೆ ಬಂದ ಗ್ರೀಸನ್ನೇ ಹಚ್ಚಿ, ಇಲ್ಲದಿದ್ದರೆ ಹಳೆ ಬಾಗಿಲಿನ ಹಾಗೆ ಕಿರ್ ಅನ್ನುತ್ತದೆ.

ಹಾಕಿದ ಮೊದಲ ವಾರ ನಡುಕ ಸ್ವಲ್ಪ ಜಾಸ್ತಿ ಇರುತ್ತದೆ, ಓಡುತ್ತಾ ಕಡಿಮೆ ಆಗುತ್ತದೆ. ಪೂರ್ತಿ ಹೋಗಲ್ಲ. 500 ಕಿಲೋಮೀಟರ್ ಆದ ಮೇಲೆ ಬೋಲ್ಟ್ ಇನ್ನೊಮ್ಮೆ ಚೆಕ್ ಮಾಡಿ. ಇದೆಲ್ಲಕ್ಕೂ ಮೊದಲು ಆ ಕ್ಲಚ್ ಪರೀಕ್ಷೆ ಮಾಡಿ, ಕೆಳಗಿನ ಬುಶ್ಶಿನ ಫೋಟೋ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.