ಕಬಡ್ಡಿಗೆ ಅಷ್ಟೊಂದು ಕಸುವು ಬೇಕಿದ್ರೂ ಜನ ಕ್ರಿಕೆಟ್ಟನ್ನೇ ದೊಡ್ಡ ಆಟ ಅಂತ ಯಾಕೆ ಅನ್ಕೋತಾರೆ?

ಮುಖ್ಯ ಕಾರಣ ಜಾಹೀರಾತು. ಆಟಕ್ಕೆ ಎಷ್ಟು ದಮ್ ಬೇಕು ಅನ್ನೋದಕ್ಕಿಂತ ಆಟಗಾರನ ಮುಖ ನಮ್ ಕಣ್ಣಿಗೆ ಎಷ್ಟು ಸಲ ಬೀಳುತ್ತೆ ಅನ್ನೋದೇ ಜಾಸ್ತಿ ಕೆಲ್ಸ ಮಾಡುತ್ತೆ.

ಕ್ರಿಕೆಟ್‌ನಲ್ಲಿ ಆರು ಬಾಲ್‌ಗೆ ಓವರ್ ಮುಗಿಯುತ್ತೆ, ವಿಕೆಟ್ ಬಿದ್ರೂ ಗ್ಯಾಪು, ಆ ಗ್ಯಾಪಲ್ಲೆಲ್ಲ ಆಡ್ ಹಾಕ್ಬೋದು, ಹಂಗಾಗಿ ಟೀವಿಯವ್ರು ಕೋಟಿಗಟ್ಲೆ ಕೊಟ್ಟು ಪ್ರಸಾರದ ಹಕ್ಕು ತಗೋತಾರೆ, ಆಡ್ ಬಂದಾಗ್ಲೂ ಅದೇ ಆಟಗಾರ ಬೈಕೋ ಸೋಪೋ ಹಿಡ್ಕೊಂಡು ನಿಂತಿರ್ತಾನೆ. ಪದೇ ಪದೇ ನೋಡಿದ್ದು ಇಷ್ಟ ಆಗೋದು ಮನುಷ್ಯನ ಸ್ವಭಾವ, ಆ ಇಷ್ಟಾನೇ ಆಮೇಲೆ 'ಇದೇ ದೊಡ್ಡ ಆಟ' ಅಂತ ಆಗ್ಬಿಡುತ್ತೆ. ಕಬಡ್ಡೀಲಿ ಒಂದು ರೈಡ್‌ಗೆ 30 ಸೆಕೆಂಡು, ಮುಗಿದ ತಕ್ಷಣ ಇನ್ನೊಂದು, ಆಡ್‌ಗೆ ಜಾಗಾನೇ ಕಮ್ಮಿ.

ಹತ್ತಿರದಿಂದ ನೋಡಿದವ್ರ ಮಾತು ಮಾತ್ರ ಬೇರೆ. ನಮ್ಮ ತುಮಕೂರು ಕಡೆ ಹಳ್ಳೀಲಿ ರಾತ್ರಿ ಲೈಟ್ ಕಟ್ಟಿ ಕಬಡ್ಡಿ ಆಡಿಸ್ತಾರಲ್ಲ, ಅಲ್ಲಿ ಗೆರೆ ಪಕ್ಕ ನಿಂತು ನೋಡಿ, ಮೂರು ಜನ ಕಾಲು ಸೊಂಟ ಹಿಡ್ಕೊಂಡು ಎಳೀತಿದ್ರೂ ರೈಡರ್ ಮಣ್ಣಲ್ಲಿ ತೆವಳ್ಕೊಂಡು ನಡುಗೆರೆಗೆ ಬೆರಳು ಚಾಚ್ತಾನೆ, ಅವನ ಏದುಸಿರು ಕೂಡ ಕೇಳ್ಸುತ್ತೆ. ಅದನ್ನ ನೋಡಿದ ಯಾರೂ ಸಣ್ಣ ಆಟ ಅನ್ನಲ್ಲ. 2014ರಲ್ಲಿ ಪ್ರೊ ಕಬಡ್ಡಿ ಶುರುವಾದ್ಮೇಲೆ ಕ್ಲೋಸಪ್ಪು, ಸ್ಲೋ ಮೋಷನ್ನಲ್ಲಿ ಇದೇ ಕಸುವು ಮನೆಮನೆಗೂ ಕಾಣ್ತು, ಬೆಂಗಳೂರು ಬುಲ್ಸ್‌ಗೆ ನಮ್ಮೂರ ಹುಡುಗ್ರು ಫ್ಯಾನ್ ಆಗಿದ್ದೂ ಹಂಗೇನೆ.