ಸಿಹಿನೀರಿನ ಪಾಚಿಗೆ ಉಪ್ಪು ಒಗ್ಗೀತೇ?

ಪ್ರಶ್ನೆ: ಕಲ್ಯಾಣಪುರದ ಬಳಿ ಸ್ವರ್ಣಾ ನದಿಯ ನೀರು ಮಳೆಗಾಲದಲ್ಲಿ ಸಿಹಿ, ಬೇಸಿಗೆಯಲ್ಲಿ ಉಪ್ಪು. ಸಿಹಿನೀರಿನ ಹಸಿರು ಪಾಚಿ ಉಪ್ಪಿಗೆ ಹೊಂದಿಕೊಳ್ಳಬಲ್ಲುದೇ?
– ಓದುಗರೊಬ್ಬರು, ಉಡುಪಿ

ಉತ್ತರ: ಹೊಂದಿಕೊಳ್ಳಬಲ್ಲುದು, ಆದರೆ ಒಂದು ಕೋಶ ತನ್ನ ಆಯುಷ್ಯದಲ್ಲಿ ಮಾಡಿಕೊಳ್ಳುವ ಹೊಂದಾಣಿಕೆಯೇ ಬೇರೆ, ತಲೆಮಾರುಗಳ ಉದ್ದಕ್ಕೂ ನಡೆಯುವ ವಿಕಾಸವೇ ಬೇರೆ. ಲೀಟರಿಗೆ ಸುಮಾರು 35 ಗ್ರಾಂ ಲವಣವಿರುವ ಕಡಲನೀರು ಸುತ್ತುವರಿದಾಗ, ಉಪ್ಪಿನಲ್ಲಿ ಹಾಕಿಟ್ಟ ಮಾವಿನ ಮಿಡಿ ನೀರುಬಿಟ್ಟು ಮುದುಡುವಂತೆ, ಪಾಚಿಯ ಕೋಶದೊಳಗಿನ ನೀರು ಹೊರಕ್ಕೆ ಹೋಗುತ್ತದೆ. ಒಳನುಗ್ಗಿದ ಸೋಡಿಯಂ ಕಿಣ್ವಗಳ ಕೆಲಸವನ್ನು ಕೆಡಿಸುತ್ತದೆ. ಆದ್ದರಿಂದ ಸೋಡಿಯಂ ಅನ್ನು ಹೊರದೂಡಬೇಕು, ಜೊತೆಗೆ ನೀರನ್ನು ಹಿಡಿದಿಡುವ ನಿರಪಾಯಕಾರಿ ವಸ್ತುವೊಂದನ್ನು ಒಳಗೆ ತುಂಬಿಕೊಳ್ಳಬೇಕು. ಉಪ್ಪಿನ ಗದ್ದೆಗಳಲ್ಲಿ ಬದುಕುವ ಡ್ಯುನಾಲಿಯೆಲ್ಲಾ ಸಲೀನಾ ಎಂಬ ಹಸಿರು ಪಾಚಿಗೆ ಆ ವಸ್ತು ಗ್ಲಿಸರಾಲ್. ಗಟ್ಟಿಯಾದ ಕೋಶಭಿತ್ತಿಯೇ ಇಲ್ಲದ ಈ ಜೀವಿ ಕಡಲಿಗಿಂತ ಹಲವು ಪಟ್ಟು ಉಪ್ಪಾದ ನೀರಿನಲ್ಲೂ ಉಬ್ಬದೆ ಕುಗ್ಗದೆ ಉಳಿಯುವುದು ನಿಜಕ್ಕೂ ಸೋಜಿಗ. ಅದರ ಸಂಬಂಧಿಯಾದ ಸಿಹಿನೀರಿನ ಕ್ಲಾಮಿಡೊಮೊನಾಸ್ ಕೂಡ ಉಪ್ಪು ಏರಿದಾಗ ಗ್ಲಿಸರಾಲ್ ತಯಾರಿಸುತ್ತದೆ. ಅದನ್ನು ಪ್ರಯೋಗಾಲಯದಲ್ಲಿ, ಕಡಲಿಗಿಂತ ಕಡಿಮೆ ಉಪ್ಪಿನಲ್ಲಿ, 1,000ಕ್ಕೂ ಹೆಚ್ಚು ತಲೆಮಾರು ಬೆಳೆಸಿದಾಗ ಮೂಲ ತಳಿಗಿಂತ ಚೆನ್ನಾಗಿ ಉಪ್ಪನ್ನು ತಾಳುವ ತಳಿ ವಿಕಾಸಗೊಂಡಿತು. ಸ್ವರ್ಣೆಯಲ್ಲಾದರೋ ಪ್ರತಿ ಮಳೆಗಾಲವೂ ಉಪ್ಪನ್ನು ತೊಳೆದುಬಿಡುವುದರಿಂದ ಆಯ್ಕೆಯ ಒತ್ತಡ (ಅಂದರೆ ಉಪ್ಪು ತಾಳಬಲ್ಲ ಕೋಶಗಳೇ ಹೆಚ್ಚಾಗಿ ಉಳಿದು ವಂಶ ಬೆಳೆಸುವಂತಹ ಪರಿಸ್ಥಿತಿ) ಅಷ್ಟು ದೀರ್ಘಕಾಲ ಒಂದೇ ದಿಕ್ಕಿನಲ್ಲಿ ಉಳಿಯುವುದಿಲ್ಲ.